ಬಾಳ್ಯಾನ ಹೇಳಿಕೆ ಯಾರು ತಗೊಂಡ್ರು?

ಕನ್ನಡದ ಕೊಲೆ ಕಥೆಗೆ ಮಳೆ ಬೇಕೇ ಬೇಕು ಅಂತ ಯಾರು ಕಾನೂನು ಮಾಡಿದರೋ ಏನೋ. ಮಂಜು, ಕಾಫಿ ತೋಟ, ಹೆಂಚಿನ ಮನೆ, ಕರೆಂಟ್ ಹೋದ ರಾತ್ರಿ. ಹೊರಗಿನಿಂದ ಬಂದ ಒಬ್ಬ ತನಿಖಾಧಿಕಾರಿ, ಅವನಿಗೆ ಅದೇ ಊರಿನಲ್ಲಿ ಸಿಗುವ ಒಬ್ಬ ಹುಡುಗಿ, ಇಪ್ಪತ್ತು ವರ್ಷದ ಹಿಂದಿನ ಎರಡು ಮೂರು ಹೆಣ. ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ಓಡಾಡಿ ರಟ್ಟು ಕಿತ್ತುಹೋದ ಪುಸ್ತಕಗಳಲ್ಲಿ ಅರ್ಧಕ್ಕರ್ಧ ಇದೇ ಸಾಮಾನು. ನಾವು, ಅಂದರೆ ಈ ಸಂಘದಲ್ಲಿರುವ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯವರು, ಅವನ್ನೆಲ್ಲ ಬಿಡದೆ ಓದುತ್ತೇವೆ. ಇಂಟರ್ನಲ್ಸ್ ಹಿಂದಿನ ರಾತ್ರಿಯೂ ಓದುತ್ತೇವೆ. ಓದಿ ಮುಗಿಸಿದ ಮೇಲೆ ನಮ್ಮದು ಒಂದೇ ತಕರಾರು: ಕಾದಂಬರಿಯೊಳಗ ನಮ್ಮೂರಾಗ ಯಾಕ ಯಾರೂ ಸಾಯಂಗಿಲ್ಲ?

ತಮಾಷೆ ಅನಿಸಬಹುದು. ಆದರೆ ಎರಿ ನೆಲ, ಹತ್ತಿ, ಕಬ್ಬು, ಮಲಪ್ರಭೆ, ಎಲ್ಲಮ್ಮನ ಗುಡ್ಡದ ಬನದ ಹುಣ್ಣಿಮೆ ಜಾತ್ರೆ, ರಾಮದುರ್ಗದ ಮಗ್ಗದ ಸಪ್ಪಳ, ಮಧ್ಯಾಹ್ನದ ರಣಬಿಸಿಲು, ಇಷ್ಟೆಲ್ಲ ಇರುವ ಸೀಮೆಗೆ ಒಂದು ಒಳ್ಳೇ ಪ್ರೀತಿ-ಕೊಲೆ-ತನಿಖೆಯ ಕಾದಂಬರಿ ಯಾಕೆ ಬರಬಾರದು? ಬರಬೇಕು ಅನ್ನೋದು ನಮ್ಮ ವಾದ. ಬಂದರೆ ಮಲೆನಾಡಿನ ಕಥೆಯನ್ನು ಎತ್ತಿ ತಂದು ನಮ್ಮ ಬಿಸಿಲಿಗೆ ಒಣಹಾಕಿದಂತೆ ಇರಬಾರದು ಅನ್ನೋದು ವಾದದ ಎರಡನೇ ಭಾಗ.

ಈ ಜಾತಿಯ ಬರಹವನ್ನು ಕಡೆಗಣ್ಣಿನಿಂದ ನೋಡುವವರು ಕ್ಯಾಂಪಸ್ಸಿನಲ್ಲಿ ಇದ್ದಾರೆ. ಅವರಿಗೊಂದು ಮಾತು. ಎನ್. ನರಸಿಂಹಯ್ಯನವರು 'ಪತ್ತೇದಾರ ಪುರುಷೋತ್ತಮ'ನಿಂದ ಶುರು ಮಾಡಿ ನೂರಾರು ಪತ್ತೇದಾರಿ ಕಾದಂಬರಿ ಬರೆದು, ಅಕ್ಷರ ಕೂಡಿಸಿ ಓದುವವರನ್ನೂ ಪುಸ್ತಕದ ಅಂಗಡಿಗೆ ತಂದರು. ನಾವು ನವೆಂಬರ್ ಒಂದಕ್ಕೆ ಹಾರಿಸುವ ಹಳದಿ-ಕೆಂಪು ಬಾವುಟ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. 'ಬಂಗಾರದ ಮನುಷ್ಯ' ಬರೆದ ಟಿ.ಕೆ. ರಾಮರಾವ್ ಅವರನ್ನು ಓದುಗರು ಹುಡುಕಿಕೊಂಡು ಹೋಗುತ್ತಿದ್ದದ್ದು ಸಸ್ಪೆನ್ಸಿಗೆ. ಇನ್ನು ತೇಜಸ್ವಿಯವರ 'ಚಿದಂಬರ ರಹಸ್ಯ'. ಸಣ್ಣ ಊರು ಕೆಸರೂರು, ಏಲಕ್ಕಿ ವಿಜ್ಞಾನಿಯೊಬ್ಬರ ಸಂಶಯಾಸ್ಪದ ಸಾವು, ಅದನ್ನು ಕೆದಕಲು ಬಂದ ಗುಪ್ತಚರ ಅಧಿಕಾರಿ ಅಂಗಡಿ, ನಡುವೆ ರಫಿ ಮತ್ತು ಜಯಂತಿಯ ಪ್ರೀತಿ. ಲೆಕ್ಕಕ್ಕೆ ಹಿಡಿದರೆ ಪಕ್ಕಾ ರೊಮ್ಯಾಂಟಿಕ್ ಸಸ್ಪೆನ್ಸ್. ಅದಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಓದಿದವರನ್ನು ಕೇಳಿ ನೋಡಿ, ತನಿಖೆ ಎಲ್ಲಿಗೆ ಮುಟ್ಟಿತು ಅಂತ ಹೇಳಲು ತಡಕಾಡುತ್ತಾರೆ. ಆದರೆ ಆ ಊರಿನ ಗುಸುಗುಸು, ಒಬ್ಬರ ಮೇಲೆ ಒಬ್ಬರಿಗಿದ್ದ ಸಂಶಯ, ಆ ಇಬ್ಬರ ಎದೆಬಡಿತ ಮಾತ್ರ ಮರೆತಿರುವುದಿಲ್ಲ.

ಈಗ ಅಂಥದೇ ಒಬ್ಬ ಅಧಿಕಾರಿಯನ್ನು ಬೈಲಹೊಂಗಲ ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿ ನೋಡೋಣ. ಗುರುತು ಮರೆಸಿಕೊಂಡು ಬಂದಾನ. ಚಹಾದಂಗಡಿಯವ ಕಪ್ಪು ಕೈಗೆ ಕೊಡುವ ಮೊದಲೇ ಕೇಳುತ್ತಾನೆ, "ಯಾವೂರಾತ್ರಿ ನಿಮ್ಮದು?" ಆಮೇಲೆ, "ಅಡ್ಡಹೆಸರೇನ್ರಿ?" ಆಮೇಲೆ, "ಇಲ್ಲೆ ಯಾರ ಪೈಕಿ ನೀವು?" ಚಹಾ ಮುಗಿಯೋದ್ರೊಳಗ ಅವನ ಜಾತಿ, ನೌಕರಿ, ಪಗಾರ, ಮದುವೆಯಾಗಿದೆಯೋ ಇಲ್ಲವೋ, ಎಲ್ಲ ಹೊರಗೆ. ಸಂಜೆಗೆ ಎರಡು ಕನ್ಯೆ ಇರುವ ಮನೆಯವರು ಭೇಟಿಗೆ ಬಂದರೂ ಬಂದರೇ. ಇಂಥ ಊರಿನಲ್ಲಿ ಗುಟ್ಟಾಗಿ ತನಿಖೆ ಮಾಡುವುದು ಹೋಗಲಿ, ಗುಟ್ಟಾಗಿ ಒಂದು ಮಿರ್ಚಿ ತಿನ್ನುವುದೂ ಕಷ್ಟ.

ನಗು ಬಂದರೂ ವಿಷಯ ಅಲ್ಲೇ ಇದೆ. ಎಲ್ಲರಿಗೂ ಎಲ್ಲ ಗೊತ್ತಿರುವ ಕಡೆ 'ಕೊಂದವರು ಯಾರು' ಅನ್ನುವುದು ಸಸ್ಪೆನ್ಸ್ ಆಗಲಾರದು. ನಮ್ಮ ಕಡೆಯ ಹಳೆಯ ಸಾವುಗಳನ್ನು ನೆನೆಸಿಕೊಂಡರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೆ ಹಾಕಿದ್ದು ಬ್ರಿಟಿಷರು, ಅದು ಶಾಲೆಯ ಪುಸ್ತಕದಲ್ಲೇ ಇದೆ. ಆದರೆ ಸಂಗೊಳ್ಳಿ ಕಡೆ ಹಿರಿಯರು ಹಲ್ಲು ಕಡಿದು ಬೈಯುವುದು ಹಿಡಿದುಕೊಟ್ಟವರನ್ನು. ಕಿತ್ತೂರಿನ ಕಥೆಯಲ್ಲೂ ಅಷ್ಟೇ, ಥ್ಯಾಕರೆಗಿಂತ ಮಲ್ಲಪ್ಪಶೆಟ್ಟಿಯ ಹೆಸರಿಗೆ ಸಿಟ್ಟು ಜಾಸ್ತಿ. ಕೊಂದವನಿಗಿಂತ ಸುದ್ದಿ ಕೊಟ್ಟವನ ಲೆಕ್ಕವನ್ನು ಈ ನೆಲ ಸರಿಯಾಗಿ ಇಟ್ಟುಕೊಂಡಿದೆ.

ಇದನ್ನು ಬಹಳ ಹಿಂದೆಯೇ ಹಿಡಿದವರು ಸಣ್ಣಾಟದವರು. 'ಸಂಗ್ಯಾ ಬಾಳ್ಯಾ' ಗೊತ್ತಿಲ್ಲದವರು ನಮ್ಮ ತಾಲೂಕುಗಳಲ್ಲಿ ಇರಲಿಕ್ಕಿಲ್ಲ. ಉಳಿದವರಿಗಾಗಿ ಚುಟುಕಾಗಿ: ಬೈಲಹೊಂಗಲದಲ್ಲಿ ನಿಜವಾಗಿ ನಡೆದ ಕೊಲೆಯ ಮೇಲೆ ಕಟ್ಟಿದ್ದು ಅಂತ ಹೆಸರಾದ ಆಟ ಇದು, ಬೈಲವಾಡದ ಪತ್ತಾರ ಮಾಸ್ತರರ ಹೆಸರಿನಲ್ಲಿ ನಡೆದುಬಂದಿದೆ. ಸಂಗ್ಯಾ ಸಾಹುಕಾರ. ಈರ್ಯಾನ ಹೆಂಡತಿ ಗಂಗಿಯ ಮೇಲೆ ಅವನಿಗೆ ಮನಸ್ಸು. ಈರ್ಯಾ ವ್ಯಾಪಾರಕ್ಕೆ ಪರವೂರಿಗೆ ಹೋಗುತ್ತಾನೆ. ನಡುವೆ ಮಾತು ಒಯ್ಯಲು ಪಾರಮ್ಮ ಇದ್ದಾಳೆ, ಜೀವದ ಗೆಳೆಯ ಬಾಳ್ಯಾ ಇದ್ದಾನೆ. ಕೊನೆಗೆ ಅದೇ ಬಾಳ್ಯಾ ತಿರುಗಿ ಬೀಳುತ್ತಾನೆ, ಈರ್ಯಾ ಮತ್ತು ಅವನ ಅಣ್ಣತಮ್ಮಂದಿರು ಸಂಗ್ಯಾನನ್ನು ಮುಗಿಸುತ್ತಾರೆ. ಘೋಡಗೇರಿಯ ಚಂದ್ರಶೇಖರ ಕಂಬಾರರು ಇದನ್ನೇ ತಮ್ಮ ನಾಟಕಕ್ಕೆ ತೆಗೆದುಕೊಂಡರು, ಆಮೇಲೆ ಸಿನಿಮಾ ಕೂಡ ಆಯಿತು.

ನೋಡ್ರಿ, ಪ್ರೀತಿ ಐತಿ, ಕೊಲೆ ಐತಿ, ಸಣ್ಣ ಊರು ಐತಿ. ಆದರೆ ಮುಚ್ಚಿಟ್ಟದ್ದು ಏನೂ ಇಲ್ಲ. ಆಟ ಶುರುವಾಗುವ ಮೊದಲೇ ಯಾರು ಸಾಯುತ್ತಾನೆ, ಯಾರು ಕೊಲ್ಲುತ್ತಾನೆ ಅಂತ ಕಂಬಳಿ ಹೊದ್ದು ಕೂತ ಅಜ್ಜನಿಗೂ ಗೊತ್ತು. ಆದರೂ ಬೆಳತನಕ ಏಳದೆ ಕೂರುತ್ತಾರೆ. ಯಾಕೆ? ಬಾಳ್ಯಾ ಯಾವ ಗಳಿಗೆಗೆ ತಿರುಗುತ್ತಾನೆ ಅಂತ ನೋಡಲು. ಪ್ರತಿ ಸಲ ಅವನು ಮೊದಲಿನಷ್ಟೇ ಒಳ್ಳೆಯ ಗೆಳೆಯನಾಗಿ ಶುರು ಮಾಡುತ್ತಾನೆ, ಪ್ರತಿ ಸಲ ಕೈಕೊಡುತ್ತಾನೆ. ಪತ್ತೇದಾರಿ ಕಥೆ ಕೊನೆಯ ಪುಟದಲ್ಲಿ ಕೊಡುವ ಉತ್ತರಕ್ಕಿಂತ ಇದು ದೊಡ್ಡ ಪ್ರಶ್ನೆ ಅನ್ನೋದು ನಮ್ಮ ಅನಿಸಿಕೆ.

ಸಂಗ್ಯಾನನ್ನು ಹೀರೋ ಮಾಡಲು ನಾವು ಹೊರಟಿಲ್ಲ. ರೊಕ್ಕದ ಮನುಷ್ಯ, ಮತ್ತೊಬ್ಬರ ಮನೆಯ ಹೆಂಗಸಿನ ಹಿಂದೆ ಬಿದ್ದವ. ಪರಹೆಣ್ಣಿನ ಆಸೆ ಒಳ್ಳೆಯದಲ್ಲ ಅಂತ ಬುದ್ಧಿ ಹೇಳಲು ನಮ್ಮ ಹಿರಿಯರು ಈ ಆಟವನ್ನು ಬಳಸುತ್ತಲೇ ಬಂದಿದ್ದಾರೆ. ಅದು ಬೇರೆ. ನಮಗೆ ಕಾಣುವ ಕೊರತೆ ಇನ್ನೊಂದು: ಆಟದ ಹೆಸರಿನಲ್ಲೇ ಗಂಡಸರಿಬ್ಬರು. ಗಂಗಿಯ ಹೆಸರಿಲ್ಲ. ಗಂಗಿಗೆ ಹಾಡುಗಳಿವೆ, ಹೇಳಿಕೆ ಇಲ್ಲ. ಊರಿಗೆ ಒಬ್ಬ ತನಿಖಾಧಿಕಾರಿ ಬಂದು, ಅವಳನ್ನು ಕೂರಿಸಿ, ಒಂದು ಲೋಟ ನೀರು ಕೊಟ್ಟು, "ಏನಾತವಾ, ನಿನಗ ಏನ ಬೇಕಾಗಿತ್ತು?" ಅಂತ ಕೇಳಿದ್ದನ್ನು ನಾವು ಎಲ್ಲೂ ನೋಡಿಲ್ಲ. ನಮ್ಮ ಕಾದಂಬರಿಗೆ ತನಿಖಾಧಿಕಾರಿ ಬೇಕಾಗಿರುವುದು ಇಂಥ ಕೆಲಸಕ್ಕೆ, ಬೆರಳಚ್ಚು ಹುಡುಕುವುದಕ್ಕಲ್ಲ.

ಹಳೇ ಕಾಲದ ಮಾತು ಅಂತ ಪುಟ ತಿರುವಬೇಡಿ. ಸವದತ್ತಿ ಸೀಮೆಯ ಮುರಗೋಡ ಪೊಲೀಸ್ ಠಾಣೆಯ ಒಂದು ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋದದ್ದು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? 2020ರಲ್ಲಿ ಮಗಳು ಕಾಣೆಯಾಗಿದ್ದಾಳೆ ಅಂತ ತಂದೆಯಿಂದ ದೂರು. ಹುಡುಗಿ ಕಾಣೆಯಾಗಿರಲಿಲ್ಲ, ತಾನು ಮೆಚ್ಚಿದವನನ್ನು ಮದುವೆಯಾಗಿದ್ದಳು. ಇಬ್ಬರೂ ವಯಸ್ಕರು, ಓದಿದವರು. ಮದುವೆಯ ದಾಖಲೆ ಠಾಣೆಗೆ ಮುಟ್ಟಿದ ಮೇಲೂ ತನಿಖಾಧಿಕಾರಿ ಹಿಡಿದ ಹಠ ಒಂದೇ, ನೀನು ಇಲ್ಲಿಗೇ ಬಂದು ಹೇಳಿಕೆ ಕೊಡು, ಆಮೇಲೆ ಕೇಸು ಮುಚ್ಚುತ್ತೇವೆ. ಅವಳಿಗೆ ಊರಿಗೆ ಬರಲು ಭಯ. 2021ರ ಫೆಬ್ರುವರಿ 8ರಂದು ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಮತ್ತು ಹೃಷಿಕೇಶ್ ರಾಯ್ ಅವರ ಪೀಠ ಎಫ್‌ಐಆರ್ ರದ್ದು ಮಾಡಿತು. ವಯಸ್ಸಿಗೆ ಬಂದ ಇಬ್ಬರು ಒಪ್ಪಿದ ಮೇಲೆ ಮನೆತನದ್ದಾಗಲಿ ಸಮುದಾಯದ್ದಾಗಲಿ ಒಪ್ಪಿಗೆ ಬೇಕಿಲ್ಲ ಎಂದಿತು. ಆ ತನಿಖಾಧಿಕಾರಿಗೆ ಕೌನ್ಸೆಲಿಂಗ್ ಆಗಬೇಕು, ಇಂಥ ಪ್ರಕರಣ ಹೇಗೆ ನಿಭಾಯಿಸಬೇಕು ಅಂತ ಪೊಲೀಸರಿಗೆ ಎಂಟು ವಾರದೊಳಗೆ ಮಾರ್ಗಸೂಚಿ ಮತ್ತು ತರಬೇತಿ ಸಿದ್ಧವಾಗಬೇಕು ಅಂತಲೂ ಹೇಳಿತು. ದೇಶದ ಎಲ್ಲ ಕಡೆ ಈಗ ಎತ್ತಿ ಹೇಳುವ ತೀರ್ಪು ಹುಟ್ಟಿದ್ದು ನಮ್ಮ ಎರಿ ನೆಲದ ಒಂದು ಠಾಣೆಯಿಂದ. ಇದಕ್ಕಿಂತ ದೊಡ್ಡ ಸಸ್ಪೆನ್ಸ್ ಯಾವ ಮಂಜಿನೊಳಗೆ ಸಿಗುತ್ತದೆ? ಫೋನ್ ಮಾಡುತ್ತಿರುವ ತನಿಖಾಧಿಕಾರಿಯೇ ಭಯದ ಕಾರಣ, ಹುಡುಗಿ ಬರುತ್ತಾಳೋ ಇಲ್ಲವೋ ಅನ್ನೋದು ಪ್ರಾಣದ ಪ್ರಶ್ನೆ.

ಪ್ರಾಣದ ಪ್ರಶ್ನೆ ಅಂದದ್ದು ಉತ್ಪ್ರೇಕ್ಷೆಯಲ್ಲ. ರಾಮದುರ್ಗದ ಪಕ್ಕದ ಗದಗ ಜಿಲ್ಲೆಯ ಲಕ್ಕಲಕಟ್ಟಿಯಲ್ಲಿ 2019ರ ನವೆಂಬರಿನಲ್ಲಿ, ಜಾತಿ ಮೀರಿ ಮದುವೆಯಾಗಿ ಹೊರಗೆ ಬದುಕುತ್ತಿದ್ದ ಗಂಡಹೆಂಡತಿ ಊರಿಗೆ ಬಂದಾಗ ಹೆಣ್ಣಿನ ಕಡೆಯವರು ಇಬ್ಬರನ್ನೂ ಕೊಂದರು. 2025ರ ಜನವರಿಯಲ್ಲಿ ಗದಗಿನ ನ್ಯಾಯಾಲಯ ನಾಲ್ವರಿಗೆ ಮರಣದಂಡನೆ ವಿಧಿಸಿತು. ಕೊಂದವರು ಯಾರು ಅನ್ನುವುದು ಅಲ್ಲಿ ಮೊದಲ ದಿನವೇ ಗೊತ್ತಿತ್ತು.

ಈಗ ನಮ್ಮ ಬ್ರ್ಯಾಂಚಿನವರಿಗೆ ಅರ್ಥವಾಗುವ ಮಾತಿಗೆ ಬರೋಣ. ಇವತ್ತು ಕೊಲೆಯಾದರೆ ಪೊಲೀಸರು ಮೊದಲು ತರಿಸುವುದು ಸಿಡಿಆರ್, ಅಂದರೆ ಕಾಲ್ ಡೀಟೇಲ್ ರೆಕಾರ್ಡ್. ಯಾವ ನಂಬರು ಯಾವ ಹೊತ್ತಿಗೆ ಯಾವ ಟವರಿನ ಕೆಳಗಿತ್ತು, ಯಾರಿಗೆ ಎಷ್ಟು ಸೆಕೆಂಡ್ ಮಾತಾಡಿತು, ಎಲ್ಲ ಸಾಲುಸಾಲಾಗಿ ಬರುತ್ತದೆ. ನಗರದಲ್ಲಿ ಟವರುಗಳು ಹತ್ತಿರ ಹತ್ತಿರ, ಹಳ್ಳಿಯಲ್ಲಿ ಒಂದು ಟವರು ಕಿಲೋಮೀಟರುಗಟ್ಟಲೆ ಹೊಲ ಹರವಿಕೊಂಡಿರುತ್ತದೆ, ಅಷ್ಟೇ ವ್ಯತ್ಯಾಸ. ಇದರ ಮೇಲೆ ಬಸ್‌ಸ್ಟ್ಯಾಂಡಿನ ಸಿಸಿಟಿವಿ, ಪೆಟ್ರೋಲ್ ಬಂಕಿನ ಯುಪಿಐ. ಹಳೇ ಶೈಲಿಯ ಪತ್ತೇದಾರನಿಗೆ ಕೆಲಸವೇ ಇಲ್ಲ. ಆದರೆ ಆ ಸಾಲುಗಳ ನಡುವೆ ಒಂದು ನಲವತ್ತು ಸೆಕೆಂಡಿನ ಕಾಲ್ ಇರುತ್ತದೆ ಅಂದುಕೊಳ್ಳಿ. ಹಾಸ್ಟೆಲಿನಿಂದ ಊರಿಗೆ ಹೋದದ್ದು. ಸಿಡಿಆರ್‌ನಲ್ಲಿ ಮಾತು ಇರುವುದಿಲ್ಲ, ಸೆಕೆಂಡು ಮಾತ್ರ. "ಕಾಕಾ, ನಿಮಗ ಗೊತ್ತಿರಲಿ ಅಂತ ಹೇಳಾಕತ್ತೀನಿ..." ಅಂತ ಶುರುವಾಗಿತ್ತೇನೋ. ಆ ಹುಡುಗ ಕೊಲೆ ಮಾಡಿಲ್ಲ. ಆರೋಪಿಯಾಗುತ್ತಾನೆ ಅನ್ನುವುದೂ ಅನುಮಾನ. ಮುಂದಿನ ಸೆಮಿಸ್ಟರಿಗೆ ಬಂದು ನಮ್ಮ ಪಕ್ಕದಲ್ಲೇ ಕೂರುತ್ತಾನೆ.

ನಮ್ಮ ಕ್ಯಾಂಪಸ್ಸಿನಲ್ಲಿ ಕೊಲೆ ಆಗಿಲ್ಲ, ಆಗದಿರಲಿ. ಆ ಕಾಲ್ ಮಾತ್ರ ಆಗಿದೆ, ಒಂದಲ್ಲ, ಹಲವು ಸಲ. ಕ್ಯಾಂಟೀನಿನಲ್ಲಿ ಯಾರೊಡನೆ ಯಾರು ಕೂತಿದ್ದರು ಅನ್ನುವ ಫೋಟೊ ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹೋದದ್ದು ನಮಗೆ ಗೊತ್ತು. ಮರುವಾರ ಒಬ್ಬಳ ಕಾಲೇಜು ನಿಂತದ್ದೂ ಗೊತ್ತು. ಕಳಿಸಿದವರು ಕೆಟ್ಟವರೇನಲ್ಲ. ನೋಟ್ಸ್ ಕೊಡುತ್ತಾರೆ, ಪ್ರಾಜೆಕ್ಟಿನಲ್ಲಿ ರಾತ್ರಿ ಎದ್ದಿರುತ್ತಾರೆ, ರಾಜ್ಯೋತ್ಸವಕ್ಕೆ ಪೆಂಡಾಲು ಕಟ್ಟುತ್ತಾರೆ. ಬಾಳ್ಯಾನೂ ಮೊದಲಿಗೆ ಒಳ್ಳೇ ಗೆಳೆಯನೇ ಆಗಿದ್ದ. 'ಅವರ ಮನೆಯವರಿಗೆ ತಿಳಿಯುವುದು ಒಳ್ಳೆಯದಲ್ಲವಾ' ಅನ್ನುವವರು ಈ ಸಂಘದಲ್ಲೂ ಇದ್ದಾರೆ, ಈ ಬರಹ ಓದಿ ನಮ್ಮೊಡನೆ ಜಗಳಕ್ಕೂ ಬರುತ್ತಾರೆ. ಬರಲಿ. ತಂದೆತಾಯಿಯ ಸಂಕಟವನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಆದರೆ ಹತ್ತೊಂಬತ್ತು ತುಂಬಿದವಳು ತನ್ನ ಮನೆಗೆ ಯಾವಾಗ, ಏನು ಹೇಳಬೇಕು ಅನ್ನುವುದು ಅವಳ ಮಾತು. ನಡುವೆ ಟವರು ಆಗುವ ಕೆಲಸ ನಮ್ಮದಲ್ಲ.

ಇಷ್ಟು ಇಟ್ಟುಕೊಂಡು ಯಾರಾದರೂ ಬರೆಯಲಿ. ಪ್ರೀತಿಯನ್ನು ಕೊಲೆಗೆ ನೆಪ ಮಾಡಿ ಎರಡೇ ಅಧ್ಯಾಯಕ್ಕೆ ಮುಗಿಸಬೇಡಿ. ಆ ಇಬ್ಬರು ಸೊಗಲಕ್ಕೋ ನವಿಲುತೀರ್ಥಕ್ಕೋ ಹೋಗಿ ಬಂದ ದಿನ, ಬಸ್ಸಿನಲ್ಲಿ ಹಿಂದುಮುಂದಿನ ಸೀಟಿನಲ್ಲಿ ಅಪರಿಚಿತರಂತೆ ಕೂತದ್ದು, ಕಂಡಕ್ಟರ್ ಪರಿಚಯದವನೋ ಅಲ್ಲವೋ ಅಂತ ಅಂಜಿದ್ದು, ಇವೆಲ್ಲ ತುಂಬಾ ಪುಟ ಬೇಡುತ್ತವೆ. ತನಿಖಾಧಿಕಾರಿ ಬೆಂಗಳೂರಿನವನೇ ಆಗಬೇಕಿಲ್ಲ. ರಾಮದುರ್ಗದ ನೇಕಾರರ ಮನೆಯಿಂದ ಬಂದ ಒಬ್ಬ ಮಹಿಳಾ ಪಿಎಸ್‌ಐ ಯಾಕಾಗಬಾರದು? "ಯಾರ ಪೈಕಿ ನೀವು" ಅಂತ ಕೇಳಿಸಿಕೊಂಡೇ ಬೆಳೆದವಳು, ಆ ಪ್ರಶ್ನೆಯನ್ನೇ ತಿರುಗಿಸಿ ಕೇಳಬಲ್ಲಳು. ಹಳೆಯ ಫೈಲು ತೆಗೆದು, ಶಿಕ್ಷೆಯಾದವರನ್ನು ಬಿಟ್ಟು, ಸಾಕ್ಷಿಪಟ್ಟಿಯಲ್ಲಿ ಬಾರದೆ ಉಳಿದವರ ಮನೆಬಾಗಿಲಿಗೆ ಹೋಗಲಿ.

ಮುಂದಿನ ಸಂಚಿಕೆಗೆ ಅಂಥ ಕಥೆಯ ಮೊದಲ ಅಧ್ಯಾಯ ಬಂದರೆ ಎಷ್ಟು ಉದ್ದವಿದ್ದರೂ ಹಾಕುತ್ತೇವೆ. ನಮ್ಮ ಕಡೆ ಭಾಷೆಯಲ್ಲೇ ಬರೆಯಿರಿ, ತಿದ್ದಿ ಹಾಳು ಮಾಡುವುದಿಲ್ಲ. ಗಂಗಿಯ ಬಾಯಿಂದಲೇ ಶುರುವಾದರೆ ಇನ್ನೂ ಖುಷಿ. ಹೆಸರು ಬೇಡ ಅಂದ್ರೆ ಹಾಕಂಗಿಲ್ಲ, ಯಾವ ಬ್ರ್ಯಾಂಚು, ಯಾವೂರು ಅಂತ ಕೇಳಂಗೂ ಇಲ್ಲ.