ದಿನಕ್ಕೊಂದು ಇಂಗ್ಲಿಷ್ ಪದ – 9: ಡಿಪ್ಲೋರಬಲ್

ಈ ಪದ ನೀವು ಎಲ್ಲಿ ಬಳಸ್ತೀರ? ನಾನು ಕ್ಲಾಸ್ ಗ್ರೂಪಲ್ಲಿ ಬಳಸಿದೆ. ಅಸೈನ್‌ಮೆಂಟ್ ಪೂರ್ತಿ ಕಾಪಿ ಹೊಡೆದ ಗೆಳೆಯನಿಗೆ 'ಯೂ ಆರ್ ಡಿಪ್ಲೋರಬಲ್' ಅಂತ ಹಾಕಿದೆ. ಇಂಗ್ಲಿಷಲ್ಲಿ ಬೈದ್ರೆ ಅಷ್ಟು ತಾಗಲ್ಲ ಅಂದ್ಕೊಂಡಿದ್ದೆ. ಅವನು ಇವತ್ತಿಗೂ ಮಾತಾಡ್ತಿಲ್ಲ.

ಆಮೇಲೆ ಡಿಕ್ಷನರಿ ತೆಗೆದೆ (ಮೊದಲೇ ತೆಗೀಬೇಕಿತ್ತು, ಗೊತ್ತು). ಈ ಪದದ ಲ್ಯಾಟಿನ್ ಮೂಲದಲ್ಲಿರೋದು ಅಳು, ಗೋಳು. ನಮ್ಮ 'ಶೋಚನೀಯ'ದಲ್ಲೂ ಶೋಕ ಇದೆ ನೋಡಿ. ಹಾಸ್ಟೆಲ್ ಬಾತ್‌ರೂಮಿನ ಸ್ಥಿತಿ ಡಿಪ್ಲೋರಬಲ್ ಅಂದ್ರೆ ಶೋಚನೀಯ. ಯಾರದೋ ಕೆಲಸ ಡಿಪ್ಲೋರಬಲ್ ಅಂದ್ರೆ ಖಂಡನೀಯ. 'ರೆಪ್ರಿಹೆನ್ಸಿಬಲ್'ನಲ್ಲಿ ಅಳು ಇಲ್ಲ, ಬರೀ ತಪ್ಪು ಹೊರಿಸೋದು. ರಸ್ತೆ ಗುಂಡಿಯನ್ನ ಯಾರೂ ರೆಪ್ರಿಹೆನ್ಸಿಬಲ್ ಅನ್ನಲ್ಲ, ಅದನ್ನ ಮುಚ್ಚದೆ ಬಿಲ್ ಮಾಡಿದ್ದನ್ನ ಅಂತಾರೆ. 'ಶೇಮ್‌ಫುಲ್' ಅಂದ್ರೆ ನಾಚಿಕೆಗೇಡು, ಅಷ್ಟೇ.

ಈ ಪದವನ್ನ ಮನುಷ್ಯರಿಗೇ ಅಂಟಿಸಿದ್ರೆ? 2016ರ ಸೆಪ್ಟೆಂಬರ್‌ನಲ್ಲಿ ಹಿಲರಿ ಕ್ಲಿಂಟನ್, ಟ್ರಂಪ್ ಬೆಂಬಲಿಗರಲ್ಲಿ ಅರ್ಧದಷ್ಟು ಜನರನ್ನ 'ಬ್ಯಾಸ್ಕೆಟ್ ಆಫ್ ಡಿಪ್ಲೋರಬಲ್ಸ್'ಗೆ ಹಾಕಬಹುದು ಅಂದ್ರು. ಮರುದಿನ 'ಅರ್ಧ' ಅಂದಿದ್ದಕ್ಕೆ ವಿಷಾದವನ್ನೂ ಹೇಳಿದ್ರು. ಏನು ಪ್ರಯೋಜನ? ಬೆಂಬಲಿಗರು ಅದೇ ಪದವನ್ನ ಟೀ ಶರ್ಟ್ ಮೇಲೆ ಪ್ರಿಂಟ್ ಹಾಕಿಸ್ಕೊಂಡು ಓಡಾಡಿದ್ರು. ಬೈಗುಳ ಬಿರುದಾಯ್ತು. ಬೈಸಿಕೊಂಡವರು ತಿದ್ಕೊಳ್ಳೋದಿರಲಿ, ಒಟ್ಟಾಗಿ ಎದೆಯುಬ್ಬಿಸಿ ನಿಂತ್ರು.

ಮಾಡಿದ ಕೆಲಸಕ್ಕೆ ಎಷ್ಟು ಖಾರದ ಪದ ಬೇಕಾದ್ರೂ ಹಾಕಿ, ನನ್ನ ತಕರಾರಿಲ್ಲ. ಮನುಷ್ಯನಿಗೇ ಹಾಕೋದಕ್ಕೆ ಇದೆ. ಕಾಪಿ ಹೊಡೆದಿದ್ದು ತಪ್ಪೇ ಮಾರಾಯ, ಆ ಮಾತು ವಾಪಸ್ ತಗೊಳ್ಳಲ್ಲ. 'ಯೂ ಆರ್' ಅನ್ನೋದನ್ನ ಮಾತ್ರ ತಗೋತೀನಿ. ಅವನು ಈ ಪೇಜ್ ಇನ್ನೂ ಅನ್‌ಫಾಲೋ ಮಾಡಿಲ್ಲ, ಓದ್ತಾನೆ.