ಕೆಂಚ–ಬೆಳ್ಳಿಯ ರಾಜಿ

ಮಕ್ಕಳೇ, ಈಚೆಗೆ ನಮ್ಮ ಮನೆಯಲ್ಲಿ ದೊಡ್ಡದೊಂದು ಯುದ್ಧ ನಡೆಯಿತು. ಒಂದು ಕಡೆ ಕೆಂಚ, ಇನ್ನೊಂದು ಕಡೆ ಬೆಳ್ಳಿ. ಇಬ್ಬರೂ ನಮ್ಮ ಅಟ್ಟದ ಮೇಲೆ ಹಳೆಯ ಬುಟ್ಟಿಯೊಂದರಲ್ಲಿ ಒಂದೇ ದಿನ ಹುಟ್ಟಿದ ಅಣ್ಣ ತಂಗಿ. ಮೂರು ವರ್ಷ ಒಂದೇ ತಟ್ಟೆಯಲ್ಲಿ ಉಂಡು, ಒಬ್ಬರ ಹೊಟ್ಟೆಗೆ ಇನ್ನೊಬ್ಬರು ತಲೆಯಿಟ್ಟು ಮಲಗಿದವರು. ಅಂಥವರು ಇದ್ದಕ್ಕಿದ್ದಂತೆ ಹಾವು ಮುಂಗುಸಿಯಾಗಿಬಿಟ್ಟರು!

ಆದದ್ದು ಇಷ್ಟು. ಎರಡು ಸಲ ಮರಿ ಹಾಕಿದ್ದ ಬೆಳ್ಳಿಗೆ ಮತ್ತೆ ಮರಿಯಾಗದಂತೆ ಆಪರೇಷನ್ ಮಾಡಿಸಲು ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಕೆಂಚನಿಗೆ ಹಿಂದೆಯೇ ಆಗಿತ್ತು. ಸಂಜೆ ಮನೆಗೆ ಬಂದು ಮೊಮ್ಮಗಳು ಬುಟ್ಟಿಯ ಮುಚ್ಚಳ ತೆಗೆದಳು. ಕೆಂಚ ಓಡಿ ಬಂದ, ಮೂಸಿದ, ಎರಡು ಹೆಜ್ಜೆ ಹಿಂದೆ ಸರಿದ. ಬೆನ್ನಿನ ಕೂದಲೆಲ್ಲ ನಿಮಿರಿತು. ‘ಹಿಸ್ಸ್’ ಎಂದವನೇ ಬೆಳ್ಳಿಯ ಮುಖಕ್ಕೆ ಒಂದೇಟು ಬಿಟ್ಟ. ಬೆಳ್ಳಿ ಮಂಚದ ಕೆಳಗೆ ಸೇರಿಕೊಂಡಳು.

ಮರುದಿನವೂ ಅದೇ, ಅದರ ಮರುದಿನವೂ ಅದೇ. ಬೆಳ್ಳಿ ಊಟಕ್ಕೂ ಕೆಳಗಿಳಿಯದಾದಳು. ಆಗ ನಾನೊಂದು ದಡ್ಡ ಕೆಲಸ ಮಾಡಿದೆ. ಇಬ್ಬರನ್ನೂ ಎತ್ತಿ ತೊಡೆಯ ಮೇಲೆ ಕೂರಿಸಿ, ಮುಖಕ್ಕೆ ಮುಖ ತಾಗಿಸಿ, “ರಾಜಿ ಮಾಡ್ಕೊಳ್ಳಿ” ಎಂದೆ. ರಾಜಿ ಆಗಲಿಲ್ಲ, ನನ್ನ ಮುಂಗೈ ಮೇಲೆ ಮೂರು ಉದ್ದ ಗೆರೆ ಬಿತ್ತು. ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು, ಡಾಕ್ಟರ ಹತ್ತಿರ ಹೋಗಿ ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದೆ. ಬೆಕ್ಕು ಕಚ್ಚಿದರೂ ಪರಚಿದರೂ ನೀವೂ ಹೀಗೇ ಮಾಡಬೇಕು. ಬೈತಾರೆ ಎಂದು ಹೆದರಿ ಮನೆಯವರಿಂದ ಮುಚ್ಚಿಡಬೇಡಿ. ರೇಬಿಸ್ ನಾಯಿಯಿಂದ ಮಾತ್ರವಲ್ಲ, ಬೆಕ್ಕಿನಿಂದಲೂ ಬರಬಹುದು.

ಪಕ್ಕದ ಮನೆಯವರು ಉಪಾಯ ಹೇಳಿದರು: “ಒಂದನ್ನು ಗೋಣಿಚೀಲಕ್ಕೆ ಹಾಕಿ ಮೀನು ಮಾರ್ಕೆಟ್ ಹತ್ತಿರ ಬಿಟ್ಟು ಬನ್ನಿ. ಹೇಗೋ ಬದುಕಿಕೊಳ್ಳುತ್ತೆ.” ಹೇಳಲು ನಾಚಿಕೆಯಾಗುತ್ತದೆ, ನಾನು ಹಿತ್ತಲಿಗೆ ಹೋಗಿ ಚೀಲವೊಂದನ್ನು ಕೊಡವತೊಡಗಿದೆ. ಐದನೇ ಕ್ಲಾಸಿನ ಮೊಮ್ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಅಜ್ಜ, ನಾನೂ ತಮ್ಮನೂ ದಿನಾ ಜಗಳ ಆಡ್ತೀವಲ್ಲ, ನಮ್ಮಲ್ಲಿ ಯಾರನ್ನ ಬಿಟ್ಟು ಬರ್ತೀಯ?”

ನನ್ನಲ್ಲಿ ಉತ್ತರ ಇರಲಿಲ್ಲ. ಚೀಲವನ್ನು ಮಡಚಿ ಒಳಗಿಟ್ಟೆ. ಸಾಕಿದ ಪ್ರಾಣಿ ಹಸಿವು ಬಾಯಾರಿಕೆಯಿಂದ ನರಳುವಂತೆ ಬೀದಿಗೆ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಆದರೆ ಆ ಹೊತ್ತು ನನ್ನನ್ನು ತಡೆದದ್ದು ಕಾಯ್ದೆಯಲ್ಲ, ಅವಳ ಪ್ರಶ್ನೆ.

ಮರುದಿನ ಪಶುವೈದ್ಯರಿಗೆ ಫೋನು ಮಾಡಿದೆವು. ಅವರು ಕೇಳಿದ್ದು ಒಂದೇ: “ಜಗಳ ಶುರುವಾದದ್ದು ಆಸ್ಪತ್ರೆಯಿಂದ ಬಂದ ಮೇಲೆಯೇ?”

“ಹೌದು.”

“ಹಾಗಾದರೆ ಕೆಂಚನಿಗೆ ಇವಳು ತನ್ನ ಬೆಳ್ಳಿ ಅಂತ ಗೊತ್ತೇ ಆಗಿಲ್ಲ!”

ನಾವು ಒಬ್ಬರನ್ನೊಬ್ಬರು ಮುಖ ನೋಡಿ ಗುರುತು ಹಿಡಿಯುತ್ತೇವೆ. ಬೆಕ್ಕು ಹೆಚ್ಚಾಗಿ ನಂಬುವುದು ಮೂಗನ್ನು. ಬೆಕ್ಕಿನ ಕೆನ್ನೆ, ಗಲ್ಲ, ಹಣೆ, ಅಂಗಾಲುಗಳಲ್ಲಿ ವಾಸನೆ ಹೊರಡಿಸುವ ಗ್ರಂಥಿಗಳಿವೆ. ಅದು ನಿಮ್ಮ ಕಾಲಿಗೆ, ಕುರ್ಚಿಗೆ, ಬಾಗಿಲಿಗೆ ಕೆನ್ನೆ ಉಜ್ಜುವುದು ಮುದ್ದಿಗೆ ಮಾತ್ರವಲ್ಲ, ‘ಇದು ನಮ್ಮದು’ ಎಂದು ಮೊಹರು ಒತ್ತುವುದಕ್ಕೆ. ಒಂದೇ ಮನೆಯ ಬೆಕ್ಕುಗಳು ಒಂದನ್ನೊಂದು ನೆಕ್ಕಿ, ಉಜ್ಜಿ, ತಮ್ಮೆಲ್ಲರಿಗೂ ಒಂದೇ ವಾಸನೆ ಬರುವಂತೆ ನೋಡಿಕೊಳ್ಳುತ್ತವೆ. ಬೆಳ್ಳಿಯ ಮೈಮೇಲೆ ಈಗ ಆ ಮನೆಯ ವಾಸನೆಯ ಬದಲು ಔಷಧಿ, ಸ್ಪಿರಿಟ್, ಬೇರೆ ಪ್ರಾಣಿಗಳ ವಾಸನೆ ತುಂಬಿತ್ತು. ಕೆಂಚನ ಪಾಲಿಗೆ ಅವಳು ಬೆಳ್ಳಿಯ ವೇಷ ಹಾಕಿಕೊಂಡು ಬಂದ ಯಾರೋ ಪರಕೀಯಳು.

ಇಂಥ ಜಗಳಕ್ಕೆ ಬೇರೆ ಕಾರಣಗಳೂ ಇರುತ್ತವೆ. ಕಾಂಪೌಂಡಿನ ಮೇಲೆ ಹೊರಗಿನ ಗಡವ ಬೆಕ್ಕೊಂದು ಕೂತು ಗುರುಗುಟ್ಟಿದರೆ, ಕಿಟಕಿಯೊಳಗಿನ ಬೆಕ್ಕು ಅದರ ಮೇಲಿನ ಸಿಟ್ಟನ್ನು ಪಕ್ಕದಲ್ಲಿರುವ ತನ್ನ ಗೆಳೆಯನ ಮೇಲೆ ತೀರಿಸಿಕೊಳ್ಳುವುದುಂಟು. ಮೈಯಲ್ಲಿ ನೋವಿದ್ದರೂ ಸಾಧು ಬೆಕ್ಕು ಸಿಡುಕಾಗುತ್ತದೆ. ಕಾರಣ ಕಾಣದೆ ಸ್ವಭಾವ ಬದಲಾದರೆ ಮೊದಲು ಪಶುವೈದ್ಯರಿಗೆ ತೋರಿಸಿ. ಗಂಡು ಬೆಕ್ಕು ಮತ್ತೆ ಮತ್ತೆ ಮೂತ್ರಕ್ಕೆ ಕೂತು ತಿಣುಕುತ್ತಿದ್ದರೆ ಕಾಯಲೇಬೇಡಿ, ಆಗಲೇ ಕರೆದೊಯ್ಯಿರಿ.

ಈಗ ರಾಜಿಯ ದಾರಿಗೆ ಬರೋಣ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಿಮಗೆ ಗೊತ್ತಲ್ಲ? ಸುಡುವ ಹಾಲಿಗೆ ಬಾಯಿ ಸುಟ್ಟುಕೊಂಡು, ಆಮೇಲೆ ಹಾಲು ಕಂಡರೆ ಓಡುತ್ತಿದ್ದ ಬೆಕ್ಕು. ನಾವು ಅದೇ ಉಪಾಯವನ್ನು ತಿರುವುಮುರುವು ಮಾಡಿದೆವು. ಬೆಳ್ಳಿಯ ವಾಸನೆ ಬಂದಾಗಲೆಲ್ಲ ಕೆಂಚನಿಗೆ ರುಚಿಯಾದದ್ದೇನಾದರೂ ಸಿಗಬೇಕು, ಕೆಂಚನ ವಾಸನೆ ಬಂದಾಗ ಬೆಳ್ಳಿಗೂ ಸಿಗಬೇಕು.

ಮೊದಲು ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿಟ್ಟೆವು. ಇದು ಶಿಕ್ಷೆಯಲ್ಲ, ವಿಶ್ರಾಂತಿ. ಬೆಳ್ಳಿಯ ಹೊಲಿಗೆ ಮಾಯಲೂ ಅದು ಬೇಕಿತ್ತು. ಇಬ್ಬರಿಗೂ ಬೇರೆ ತಟ್ಟೆ, ಬೇರೆ ನೀರು, ಬೇರೆ ಮರಳಿನ ತೊಟ್ಟಿ.

ಆಮೇಲೆ ನನ್ನ ಹಳೆ ಪಂಚೆಯಿಂದ ಎರಡು ತುಂಡು ಹರಿದೆವು. ಒಂದನ್ನು ಕೆಂಚನ ಕೆನ್ನೆಗೆ ಮೆಲ್ಲಗೆ ಉಜ್ಜಿ ಬೆಳ್ಳಿಯ ತಟ್ಟೆಯ ಪಕ್ಕ ಇಟ್ಟೆವು, ಬೆಳ್ಳಿಯದನ್ನು ಕೆಂಚನ ತಟ್ಟೆಯ ಪಕ್ಕ. ಮೊದಲ ದಿನ ಕೆಂಚ ಬಟ್ಟೆಗೂ ‘ಹಿಸ್ಸ್’ ಎಂದ! ನಾಲ್ಕನೇ ದಿನ ಅದರ ಮೇಲೆಯೇ ಕೂತು ಮೈ ನೆಕ್ಕಿಕೊಂಡ. ಆಗ ಇಬ್ಬರ ಕೋಣೆಯನ್ನೂ ಅದಲು ಬದಲು ಮಾಡಿದೆವು.

ಮೂರನೆಯದು ಬಾಗಿಲಿನ ಊಟ. ಮುಚ್ಚಿದ ಬಾಗಿಲಿನ ಆಚೆಗೊಂದು ತಟ್ಟೆ, ಈಚೆಗೊಂದು ತಟ್ಟೆ. ಮುಳ್ಳು ತೆಗೆದ ಬೇಯಿಸಿದ ಬಂಗುಡೆ. ಮೊದಲು ಬಾಗಿಲಿನಿಂದ ಆರು ಅಡಿ ದೂರ. ಇಬ್ಬರೂ ನೆಮ್ಮದಿಯಿಂದ ತಿಂದರೆ ಮರುದಿನ ತಟ್ಟೆ ಒಂದು ಗೇಣು ಹತ್ತಿರ. ಗುರುಗುಟ್ಟಿದರೆ ಒಂದು ಗೇಣು ಹಿಂದೆ. ಅಳತೆಯ ಲೆಕ್ಕ ಮೊಮ್ಮಗಳದು. ಕ್ಯಾಲೆಂಡರಿನಲ್ಲಿ ದಿನಾ ಬರೆದಿಡುತ್ತಿದ್ದಳು.

ಕೊನೆಗೆ ಬಾಗಿಲನ್ನು ಎರಡು ಬೆರಳು ತೆರೆದೆವು. ಆಮೇಲೆ ಅರ್ಧ. ಇಬ್ಬರೂ ಎದುರಾದಾಗ ನಾವು ಉಸಿರು ಬಿಗಿಹಿಡಿದು ಮೂಲೆಯಲ್ಲಿ ಕೂತಿದ್ದೆವು, ಕೈಯಲ್ಲಿ ಮೊರ. ಜಗಳ ಹತ್ತಿದರೆ ಮಧ್ಯೆ ಕೈ ಹಾಕಬಾರದು, ಮೊರವನ್ನೋ ರಟ್ಟನ್ನೋ ಇಬ್ಬರ ನಡುವೆ ಇಳಿಸಿ ಕಣ್ಣಿಗೆ ಕಣ್ಣು ಕಾಣದಂತೆ ಮಾಡಬೇಕು. ಹೊಡೆಯಬಾರದು, ಬೈಯಬಾರದು. ಇನ್ನೊಂದು ಬೆಕ್ಕು ಬಂದಾಗಲೇ ಏಟು ಬೀಳುತ್ತದೆ ಎಂದು ಅದಕ್ಕೆ ಅನ್ನಿಸಿದರೆ ತೆನಾಲಿಯ ಕಥೆ ನಮಗೇ ತಿರುಗಿಬೀಳುತ್ತದೆ.

ಎಲ್ಲ ಗುದ್ದಾಟವೂ ಜಗಳವಲ್ಲ ಎನ್ನುವುದೂ ನೆನಪಿರಲಿ. ಒಬ್ಬರಾದ ಮೇಲೊಬ್ಬರು ಬೆನ್ನಟ್ಟುತ್ತ, ಸದ್ದಿಲ್ಲದೆ, ಉಗುರು ಒಳಗಿಟ್ಟು ಹೊರಳಾಡಿದರೆ ಅದು ಆಟ. ಕಿವಿ ತಲೆಗಂಟಿ, ಕೂದಲು ನಿಮಿರಿ, ಕಣ್ಣು ಮಿಟುಕಿಸದೆ ದಿಟ್ಟಿಸಿ ಗುರುಗುಟ್ಟಿದರೆ ಜಗಳ. ಆ ದಿಟ್ಟಿಸುವಿಕೆ ಕಂಡ ಕೂಡಲೇ ಹಗ್ಗದ ತುಂಡೊಂದನ್ನು ಎಳೆದು ಗಮನ ಬೇರೆಡೆ ತಿರುಗಿಸಿ.

ಅಜ್ಜ ಅಜ್ಜಿಯರೇ, ನಿಮಗೊಂದು ಮಾತು. ಮರಳಿನ ತೊಟ್ಟಿಗಳು ಬೆಕ್ಕುಗಳಿಗಿಂತ ಒಂದು ಹೆಚ್ಚೇ ಇರಲಿ. ತಟ್ಟೆಗಳನ್ನು ದೂರ ದೂರ ಇಡಿ. ಕಪಾಟಿನ ಮೇಲೋ ಅಟ್ಟದಲ್ಲೋ ಹತ್ತಿ ಕೂರುವ ಜಾಗ ಇಬ್ಬರಿಗೂ ಬೇರೆ ಬೇರೆ ಇರಲಿ. ಓಡಿಹೋಗಲು ದಾರಿಯಿದ್ದರೆ ಬೆಕ್ಕು ಹೋರಾಡುವುದು ಕಡಿಮೆ. ಮತ್ತೆ, ಅವಸರ ಬೇಡ. ಕೆಲವು ಮನೆಗಳಲ್ಲಿ ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಕೆಲವು ಬೆಕ್ಕುಗಳು ಮತ್ತೆ ಗೆಳೆಯರಾಗದೆ, ಒಂದನ್ನೊಂದು ಸಹಿಸಿಕೊಂಡು ಇರುವುದಕ್ಕಷ್ಟೇ ಒಪ್ಪುತ್ತವೆ. ಅದೂ ಶಾಂತಿಯೇ.

ನಮ್ಮ ಮನೆಯ ಕ್ಯಾಲೆಂಡರಿನಲ್ಲಿ 19ನೇ ದಿನಕ್ಕೆ ಕೆಂಪು ಶಾಯಿಯಲ್ಲಿ ಒಂದು ನಕ್ಷತ್ರವಿದೆ. ಅಂದು ಬೆಳ್ಳಿ ಅಟ್ಟದಿಂದ ತಾನಾಗಿ ಇಳಿದು ಬಂದಳು. ಕೆಂಚ ಮೂಸಿದ. ಮತ್ತೊಮ್ಮೆ ಮೂಸಿದ. ಆಮೇಲೆ ಏನೂ ಆಗೇ ಇಲ್ಲವೆನ್ನುವ ಹಾಗೆ ಅವಳ ಹಣೆ ನೆಕ್ಕತೊಡಗಿದ.

ಈಗ ಇಬ್ಬರೂ ಮಲಗುವುದು ಎಲ್ಲಿ ಗೊತ್ತೇ? ನಾನು ಅಂದು ಕೊಡವಿ, ಮಡಚಿ ಒಳಗಿಟ್ಟಿದ್ದೆನಲ್ಲ, ಅದೇ ಗೋಣಿಚೀಲದ ಮೇಲೆ. ಮೊಮ್ಮಗಳು ಅದನ್ನು ತಾನೇ ತಂದು ಜಗಲಿಯಲ್ಲಿ ಹಾಸಿದ್ದಾಳೆ. ನಾನು ಹಾದುಹೋಗುವಾಗಲೆಲ್ಲ ನನ್ನ ಮುಖ ನೋಡಿ ನಗುತ್ತಾಳೆ.