ಮಂಟಪಕ್ಕೆ ದುಡ್ಡಿದೆ, ಕೋಣೆಗೆ ಇಲ್ಲ



ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಊರಿನಲ್ಲಿ ನಿಮ್ಮ ಜಾತಿಯ ಸಂಘದವರು ಕಟ್ಟಿಸಿದ ಕಲ್ಯಾಣ ಮಂಟಪ ಇದೆಯೇ? ಊರಲ್ಲಿ ಇಲ್ಲದಿದ್ದರೆ ತಾಲ್ಲೂಕಿನಲ್ಲಿ ಇದ್ದೇ ಇರುತ್ತದೆ. ಊಟದ ಹಾಲು, ವರನಿಗೊಂದು ಕೋಣೆ, ವಧುವಿಗೊಂದು ಕೋಣೆ, ದಾನಿಗಳ ಹೆಸರು ಕೆತ್ತಿದ ಕಲ್ಲು, ಎಲ್ಲವೂ ಇರುತ್ತದೆ. ಅದೇ ಮಂಟಪದಲ್ಲಿ ಧಾರೆ ಎರೆಸಿಕೊಂಡ ಹುಡುಗಿ ಎರಡು ವರ್ಷದ ಮೇಲೆ ಬಾಸುಂಡೆ ಹೊತ್ತು ತವರಿಗೆ ಬಂದರೆ, ಅವಳು ಕೂತು ನಾಲ್ಕು ಮಾತಾಡಲು ಅದೇ ಸಂಘ ಒಂದು ಕೋಣೆ ಕಟ್ಟಿಸಿದೆಯೇ? ಅವಳ ಮಾತು ಕೇಳಲೆಂದು ಓದಿ ತರಬೇತಿ ಪಡೆದ ಒಬ್ಬ ಹೆಣ್ಣುಮಗಳಿಗೆ ತಿಂಗಳ ಸಂಬಳ ಕೊಟ್ಟು ಕೂರಿಸಿದೆಯೇ?

ಇಲ್ಲ. ಮದುವೆ ಮಾಡಿಸುವುದು ಸಮಾಜದ ಕೆಲಸ, ಮದುವೆಯಲ್ಲಿ ಬೇಯುವುದು ಅವಳೊಬ್ಬಳ ಕರ್ಮ. ಈ ಲೆಕ್ಕ ತಪ್ಪು ಎಂದು ಹೇಳಲೇ ಈ ಲೇಖನ ಬರೆಯುತ್ತಿದ್ದೇನೆ.

ಆದರೆ ಊರವರನ್ನು ಬಯ್ಯುವ ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳಬೇಕು. ಮೂವತ್ತು ವರ್ಷಗಳ ಹಿಂದೆ ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ, ಅಂತಿಮ ಬಿ.ಎ.ಯ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಮದುವೆಯಾಗಿ ಎಂಟು ತಿಂಗಳಾಗಿತ್ತು. "ಮೇಡಂ, ಅವರು ಬಹಳ ಹೊಡೀತಾರೆ. ಸ್ಕೂಟರ್ ಕೊಡಿಸಲಿಲ್ಲ ಅಂತ" ಎಂದಳು. ಒಳಗೆ ಆರು ಜನ ಉಪನ್ಯಾಸಕರು ಉತ್ತರ ಪತ್ರಿಕೆ ತಿದ್ದುತ್ತಿದ್ದರು. ನಾನು ಅವಳನ್ನು ಕಾರಿಡಾರಿಗೆ ಕರೆದುಕೊಂಡು ಹೋಗಿ, ನಿಂತ ನಿಲುವಿನಲ್ಲೇ, ಗಂಟೆ ಹೊಡೆಯುವುದರೊಳಗೆ ಒಂದು ಮಾತು ಹೇಳಿದೆ: "ಸ್ವಲ್ಪ ಹೊಂದಿಕೊಂಡು ಹೋಗಮ್ಮ, ಮಗು ಆದಮೇಲೆ ಸರಿ ಹೋಗ್ತಾನೆ." ಎಂ.ಎ. ಓದಿದವಳ ಬುದ್ಧಿವಾದ ಇದು! ಆರು ವರ್ಷದ ಮೇಲೆ ಅಂಕಪಟ್ಟಿಯ ನಕಲು ಬೇಕೆಂದು ಅವಳು ಮತ್ತೆ ಬಂದಳು. ನಾನು ಹೆಸರು ಹಿಡಿದು ಕರೆದರೆ ತಿರುಗಲಿಲ್ಲ. ಹತ್ತಿರ ಹೋದಾಗ, "ಈ ಕಡೆಯಿಂದ ಮಾತಾಡಿ ಮೇಡಂ, ಎಡಗಿವಿ ಕೇಳಿಸಲ್ಲ" ಎಂದಳು. ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವತ್ತು ಆ ಹುಡುಗಿಗೆ ಏನು ಸಿಗಬೇಕಿತ್ತು ಎಂಬುದು ನನಗೆ ತಿಳಿದದ್ದು ನಿವೃತ್ತಳಾದ ಮೇಲೆ, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದಾಗ. ಅಲ್ಲಿ ನಮ್ಮ ಕಡೆಯ ಇನ್ನೊಬ್ಬ ಹುಡುಗಿ ಪರಿಚಯವಾದಳು. ಎಂಜಿನಿಯರಿಂಗ್ ಓದಿದವಳು. ಗಂಡನ ಕೆಲಸದ ವೀಸಾಕ್ಕೆ ಅಂಟಿಕೊಂಡ ಅವಲಂಬಿತರ ವೀಸಾದಲ್ಲಿ ಬಂದಿದ್ದಳು. ಅಂಥ ಹೆಂಡತಿಯರಲ್ಲಿ ಕೆಲವರಿಗೆ, ಗಂಡನ ಹಸಿರು ಕಾರ್ಡಿನ ಅರ್ಜಿ ಒಂದು ಹಂತ ದಾಟಿದ್ದರೆ, 2015ರಿಂದ ಕೆಲಸ ಮಾಡುವ ಪರವಾನಗಿ ಸಿಗುತ್ತಿದೆ. ಇವಳ ಗಂಡನ ಅರ್ಜಿ ಆ ಹಂತ ಮುಟ್ಟಿರಲಿಲ್ಲ. ಕೈಯಲ್ಲಿ ಕಾಸಿಲ್ಲ, ಬ್ಯಾಂಕ್ ಖಾತೆ ಅವನದು, ಆರೋಗ್ಯ ವಿಮೆಯೂ ಅವನ ಕಂಪನಿಯದು. ವಿಮೆಯಲ್ಲಿ ಕೌನ್ಸೆಲಿಂಗಿಗೆ ಹೋದರೆ ಲೆಕ್ಕದ ಕಾಗದ ವಿಮೆ ಯಾರ ಹೆಸರಲ್ಲಿದೆಯೋ ಅವನಿಗೇ ಬರುತ್ತದೆ. ಎಲ್ಲಿಗೆ ಹೋದೆ, ಯಾಕೆ ಹೋದೆ ಎಂಬ ವಿಚಾರಣೆಗೆ ಅದೊಂದು ಕಾಗದ ಸಾಕು.

ಅವಳಿಗೆ ಬಾಗಿಲು ತೆರೆದದ್ದು ಯಾರು? ಒಂದು ಯಹೂದಿ ಸಮುದಾಯದ ಕುಟುಂಬ ಸೇವಾ ಸಂಸ್ಥೆ. ಅವಳ ಜಾತಿ ಕೇಳಲಿಲ್ಲ, ಧರ್ಮ ಕೇಳಲಿಲ್ಲ. ಕೇಳಿದ್ದು ಎರಡೇ: ಮನೆಯಲ್ಲಿ ಎಷ್ಟು ಜನ, ನಿನ್ನ ಕೈಗೆ ಬರುವ ಹಣ ಎಷ್ಟು. ಅದರ ಮೇಲೆ ಶುಲ್ಕ ಗೊತ್ತುಮಾಡಿದರು. ಪೇಟೆಯಲ್ಲಿ ನೂರಾರು ಡಾಲರ್ ತೆರಬೇಕಾದ ಒಂದು ಗಂಟೆಗೆ ಅವಳು ಕೊಟ್ಟದ್ದು ಹತ್ತು ಡಾಲರ್. ವಿಮೆಯ ಕಾಗದವಿಲ್ಲ, ಗಂಡನಿಗೆ ಸುಳಿವಿಲ್ಲ. "ಆಂಟಿ, ಹಂಗಿಸೋದು ಅನ್ನೋದಕ್ಕೆ ಇಂಗ್ಲಿಷಲ್ಲಿ ಏನಂತಾರೆ ಅಂತ ನನಗೆ ಗೊತ್ತಾಗಲಿಲ್ಲ. ಅದಕ್ಕೇ ಅರ್ಧ ಗಂಟೆ ಹೋಯ್ತು. ಆದರೂ ಆಕೆ ಗಡಿಯಾರ ನೋಡಲಿಲ್ಲ" ಎಂದಳು ಅವಳು. ನನಗೆ ನಮ್ಮ ಕಾಲೇಜಿನ ಕಾರಿಡಾರ್ ನೆನಪಾಯಿತು.

ಈ ಯಹೂದಿಗಳು ಯಾರು, ಇವರಿಗೆ ಈ ಬುದ್ಧಿ ಎಲ್ಲಿಂದ ಬಂತು ಎಂದು ಹುಡುಕಿ ಓದಿದೆ. ಅವರು ಹುಟ್ಟಾ ಶ್ರೀಮಂತರು, ಅದಕ್ಕೇ ಮಾಡುತ್ತಾರೆ ಎಂದು ನಮ್ಮಲ್ಲಿ ಸುಲಭವಾಗಿ ಹೇಳಿಬಿಡುತ್ತಾರೆ. ಇದು ಸುಳ್ಳು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂದಿಗೂ ಕೆಲಸ ಮಾಡುತ್ತಿರುವ ಯಹೂದಿ ಕುಟುಂಬ ಮತ್ತು ಮಕ್ಕಳ ಸೇವಾ ಸಂಸ್ಥೆ ಹುಟ್ಟಿದ್ದು 1850ರಲ್ಲಿ. ಕಟ್ಟಿದವರು ಆಗತಾನೇ ಬಂದಿಳಿದ ವಲಸೆಗಾರರು. 1881ರ ನಂತರ ರಷ್ಯಾ ಸಾಮ್ರಾಜ್ಯದಲ್ಲಿ ಯಹೂದಿಗಳ ಮೇಲೆ ದೊಂಬಿಗಳಾದಾಗ ಲಕ್ಷಾಂತರ ಜನ ಗಂಟುಮೂಟೆ ಕಟ್ಟಿಕೊಂಡು ನ್ಯೂಯಾರ್ಕಿಗೆ ಬಂದರು. ಒಂದೊಂದು ಕೋಣೆಯಲ್ಲಿ ಸಂಸಾರಗಟ್ಟಲೆ ಜನ, ಹಗಲೂ ರಾತ್ರಿ ಹೊಲಿಗೆ ಕೆಲಸ, ಕ್ಷಯ, ಸಾಲ.

ನಮ್ಮ ಸ್ವಸಹಾಯ ಸಂಘದ ಅಕ್ಕತಂಗಿಯರು ಕಿವಿಗೊಟ್ಟು ಕೇಳಬೇಕಾದ ಮಾತು ಇಲ್ಲಿದೆ. 1892ರಲ್ಲಿ ನ್ಯೂಯಾರ್ಕಿನಲ್ಲಿ ಹೀಬ್ರೂ ಫ್ರೀ ಲೋನ್ ಸೊಸೈಟಿ ಎಂಬ ಸಂಘ ಶುರುವಾಯಿತು. ಮೂಲ ಬಂಡವಾಳ ನೂರು ಡಾಲರಿಗೂ ಕಡಿಮೆ. ತಳ್ಳುಗಾಡಿಯವನಿಗೆ, ಹೊಲಿಗೆಯಂತ್ರ ಕೊಳ್ಳುವವಳಿಗೆ ಸಣ್ಣ ಸಾಲ. ಬಡ್ಡಿ ಒಂದು ಕಾಸೂ ಇಲ್ಲ. ಅಡವು ಬೇಡ, ಗೊತ್ತಿದ್ದವರ ಜಾಮೀನು ಸಾಕು. ಬಡವನಿಗೆ ಕೊಟ್ಟ ಸಾಲಕ್ಕೆ ಬಡ್ಡಿ ಹಾಕಬೇಡ ಎಂದು ಅವರ ಧರ್ಮಗ್ರಂಥವೇ ಹೇಳುತ್ತದೆ. ಆ ಸಂಘ ಇವತ್ತಿಗೂ ಇದೆ. ಹನ್ನೆರಡನೇ ಶತಮಾನದಲ್ಲಿ ಬಾಳಿದ ಮೈಮೊನಿಡಿಸ್ ಎಂಬ ಅವರ ಪಂಡಿತ ದಾನಕ್ಕೆ ಎಂಟು ಮೆಟ್ಟಿಲು ಹೇಳಿದ್ದಾನೆ. ಎಲ್ಲಕ್ಕಿಂತ ಮೇಲಿನದು ಯಾವುದು? ಇನ್ನೊಬ್ಬರ ಮುಂದೆ ಕೈಚಾಚದಂತೆ ಮನುಷ್ಯನನ್ನು ಕಾಲ ಮೇಲೆ ನಿಲ್ಲಿಸುವುದು. ಸಾಲ ಕೊಟ್ಟೋ, ಕೆಲಸ ಕೊಟ್ಟೋ, ಪಾಲುದಾರನನ್ನಾಗಿ ಮಾಡಿಕೊಂಡೋ. ದಾನಕ್ಕೆ ಅವರು ಬಳಸುವ ತ್ಸೆದಾಕಾ ಎಂಬ ಪದದ ಬೇರಿನಲ್ಲಿರುವ ಅರ್ಥ ನ್ಯಾಯ. ಕೊಡುವವನ ದೊಡ್ಡತನದ ಮಾತೇ ಅಲ್ಲ, ಪಡೆಯುವವಳ ಹಕ್ಕಿನ ಮಾತು. ಗೋಡೆಯ ಮೇಲೆ ಹೆಸರು ಕೆತ್ತಿಸಿಕೊಳ್ಳುವ ನಮ್ಮ ದಾನಿಗಳು ಇದನ್ನು ಯೋಚಿಸಲಿ.

ಹೆಂಡತಿ ಮಕ್ಕಳನ್ನು ಬಿಟ್ಟು ಓಡಿಹೋದ ಗಂಡಂದಿರ ಕಾಟ ಅಲ್ಲೂ ಇತ್ತು. 1911ರಲ್ಲಿ ಯಹೂದಿ ದತ್ತಿ ಸಂಸ್ಥೆಗಳು ಸೇರಿ ಇದಕ್ಕೆಂದೇ ನ್ಯಾಷನಲ್ ಡಿಸರ್ಷನ್ ಬ್ಯೂರೋ ಎಂಬ ಕಚೇರಿ ತೆರೆದವು. ಓಡಿಹೋದವನನ್ನು ಊರೂರಲ್ಲಿ ಹುಡುಕಿ, ಹೆಂಡತಿ ಮಕ್ಕಳ ಖರ್ಚು ಕೊಡಿಸುವುದೇ ಅದರ ಕೆಲಸ. ಯಿದ್ದಿಶ್ ಭಾಷೆಯ 'ಫಾರ್ವರ್ಡ್' ಪತ್ರಿಕೆ ಅಂಥ ಗಂಡಂದಿರ ಭಾವಚಿತ್ರಗಳನ್ನು ಸಾಲಾಗಿ ಅಚ್ಚು ಹಾಕುತ್ತಿತ್ತು. ನಾಚಿಕೆ ಪಡಬೇಕಾದವಳು ಬಿಟ್ಟುಹೋದವನ ಹೆಂಡತಿಯಲ್ಲ, ಬಿಟ್ಟುಹೋದವನು ಎಂದು ಒಂದು ಸಮುದಾಯ ಬಹಿರಂಗವಾಗಿ ಸಾರಿದ ರೀತಿ ಇದು. ನಮ್ಮಲ್ಲಿ ಇಂದಿಗೂ "ಗಂಡ ಬಿಟ್ಟವಳು" ಎಂಬ ಬೈಗುಳವಿದೆ. "ಹೆಂಡತಿಯನ್ನು ಬಿಟ್ಟವನು" ಎಂಬ ಬೈಗುಳ ಎಲ್ಲಿದೆ?

ಅಲ್ಲಿ ಎಲ್ಲವೂ ಚಿನ್ನವೇ ಎಂದು ನಾನು ಹೇಳುತ್ತಿಲ್ಲ. ಮೊದಲೇ ಬಂದು ನೆಲೆ ನಿಂತ ಜರ್ಮನ್ ಯಹೂದಿ ಶ್ರೀಮಂತರು ತಡವಾಗಿ ಬಂದ ಪೂರ್ವ ಯೂರೋಪಿನ ಬಡವರನ್ನು ಕೀಳಾಗಿ ಕಂಡದ್ದುಂಟು. ಅದಕ್ಕಿಂತ ದೊಡ್ಡ ತಪ್ಪೆಂದರೆ, ಹೆಂಗಸಿನ ಬಾಯಿ ಮುಚ್ಚಿಸಲು ಅವರಲ್ಲೂ ಒಂದು ಮಂತ್ರ ಇತ್ತು. 'ಶಲೋಮ್ ಬಾಯಿತ್', ಎಂದರೆ ಮನೆಯ ಶಾಂತಿ. ಶಾಂತಿ ಕಾಪಾಡುವ ಹೊರೆ ಯಾರದು? ಹೆಂಡತಿಯದು. ಹೊಡೆಸಿಕೊಂಡವಳು ಧರ್ಮಗುರುವಿನ ಹತ್ತಿರ ಹೋದರೆ, ಮನೆಯ ಶಾಂತಿ ಕೆಡಿಸಬೇಡಮ್ಮ ಎಂದು ಹಿಂದಕ್ಕೆ ಕಳಿಸುವವರಿದ್ದರು. "ಯಹೂದಿ ಗಂಡಂದಿರು ಹೊಡೆಯುವುದಿಲ್ಲ" ಎಂಬ ಜಂಬ ಬೇರೆ. "ನಮ್ಮ ಜನದಲ್ಲಿ ಅಂಥದ್ದೆಲ್ಲ ಇಲ್ಲ" ಎಂಬ ಮಾತನ್ನು ನಾವು ಕೇಳಿಲ್ಲವೇ? ಗಂಡ ಧಾರ್ಮಿಕ ವಿಚ್ಛೇದನ ಪತ್ರ ಕೊಡದಿದ್ದರೆ ಅವರ ಸಂಪ್ರದಾಯದಲ್ಲಿ ಹೆಂಡತಿ ಮತ್ತೆ ಮದುವೆಯಾಗುವಂತಿಲ್ಲ. ಅಂಥವಳನ್ನು ಅಗೂನಾ, ಸರಪಳಿಗೆ ಬಿದ್ದವಳು, ಎನ್ನುತ್ತಾರೆ.

ಆ ಮಂತ್ರವನ್ನು ಮುರಿದವರು ಅವರ ಹೆಂಗಸರೇ. ಷಿಕಾಗೋದಲ್ಲಿ 1986ರಲ್ಲಿ ಶಾಲ್ವಾ ಎಂಬ ಸಂಸ್ಥೆ ದೌರ್ಜನ್ಯಕ್ಕೊಳಗಾದ ಯಹೂದಿ ಮಹಿಳೆಯರಿಗೆಂದೇ ಹುಟ್ಟಿತು. ಕ್ಯಾಲಿಫೋರ್ನಿಯಾದಲ್ಲಿ 1992ರಲ್ಲಿ ಹುಟ್ಟಿದ ಸಂಘಟನೆಯಂತೂ 'ಶಲೋಮ್ ಬಾಯಿತ್' ಎಂಬ ಹೆಸರನ್ನೇ ಇಟ್ಟುಕೊಂಡಿತು. ಏಟು ಬೀಳುವ ಮನೆಯಲ್ಲಿ ಯಾವ ಶಾಂತಿ ಎಂದು ಆ ಪದವನ್ನು ಗಂಡಸರ ಕೈಯಿಂದ ಕಿತ್ತುಕೊಂಡರು. ಅದೇ ಕಾಲದಲ್ಲಿ ನಮ್ಮ ಉಪಖಂಡದ ಹೆಂಗಸರೂ ಅಲ್ಲಿ ಎಚ್ಚೆತ್ತರು. ನ್ಯೂಜೆರ್ಸಿಯಲ್ಲಿ 1985ರಲ್ಲಿ ಮಾನವಿ, ನ್ಯೂಯಾರ್ಕಿನಲ್ಲಿ 1989ರಲ್ಲಿ ಸಖಿ, ಕ್ಯಾಲಿಫೋರ್ನಿಯಾದಲ್ಲಿ 1991ರಲ್ಲಿ ಮೈತ್ರಿ. ಕನ್ನಡದ ಹೆಣ್ಣುಮಕ್ಕಳಿಗೂ ಇವು ಆಸರೆ. ಯಹೂದಿ ಹೆಂಗಸಿಗೆ ತನ್ನ ಆಚಾರದ ಅಡುಗೆ ಸಿಗುವ ಜಾಗ ಬೇಕಿತ್ತು, ನಮ್ಮವಳಿಗೆ ತನ್ನ ಭಾಷೆ ಬಲ್ಲವರು ಬೇಕಿತ್ತು. ಅದಿಲ್ಲವೆಂದೇ ಎಷ್ಟೋ ಜನ ಹೊಡೆತದ ಮನೆಯಲ್ಲೇ ಉಳಿದುಬಿಡುತ್ತಾರೆ.

ಈ ಯಹೂದಿ ಸಂಸ್ಥೆಗಳ ಕೆಲಸದ ಕ್ರಮದಲ್ಲಿ ನಾವು ಕಲಿಯಬೇಕಾದ ಮೂರು ಮಾತುಗಳಿವೆ.

ಮೊದಲನೆಯದು ಶುಲ್ಕ. ಹೆಚ್ಚು ಸಂಪಾದಿಸುವವರು ಹೆಚ್ಚು ಕೊಡುತ್ತಾರೆ, ಕಡಿಮೆಯವರು ಕಡಿಮೆ, ಏನೂ ಇಲ್ಲದವರಿಗೆ ಎಷ್ಟೋ ಕಡೆ ಮನ್ನಾ. ಉಳಿದ ಖರ್ಚು ಸಮುದಾಯದ ವಾರ್ಷಿಕ ವಂತಿಗೆ, ದಾನ, ಸರ್ಕಾರದ ಅನುದಾನಗಳಿಂದ ಬರುತ್ತದೆ. ಎಂಜಿನಿಯರನ ಹೆಂಡತಿಯೂ ಮನೆಗೆಲಸದವಳೂ ಒಂದೇ ಬೆಂಚಿನಲ್ಲಿ ಕಾಯುತ್ತಾರೆ. ಯಾರು ಎಷ್ಟು ಕೊಟ್ಟರು ಎಂಬುದು ಪಕ್ಕದವಳಿಗೆ ತಿಳಿಯುವುದಿಲ್ಲ. ಹಾಗಾಗಿ ಅದು ಭಿಕ್ಷೆಯಾಗುವುದಿಲ್ಲ.

ಎರಡನೆಯದು ಗುಟ್ಟು. ಮಗುವಿನ ಮೇಲೆ ದೌರ್ಜನ್ಯ, ಪ್ರಾಣಾಪಾಯ ಇಂಥ ಕೆಲವು ಸಂದರ್ಭ ಬಿಟ್ಟರೆ, ಅಲ್ಲಿ ಆಡಿದ ಮಾತು ಹೊರಗೆ ಹೋಗಕೂಡದು. ಇದಕ್ಕೆ ಕಾನೂನಿನ ಕಟ್ಟುಪಾಡಿದೆ. ನಮ್ಮಲ್ಲಿ? ಯಜಮಾನರ ಕಟ್ಟೆಯ ಮೇಲೆ ಹೇಳಿದ್ದು ಸಂಜೆಯೊಳಗೆ ಹೋಟೆಲಿನಲ್ಲಿ ಕೇಳಿಸುತ್ತದೆ.

ಮೂರನೆಯದೇ ಮುಖ್ಯ. ಸಮಾಲೋಚನೆ ಎಂದರೆ ರಾಜಿ ಪಂಚಾಯ್ತಿ ಅಲ್ಲ. ಹೊಡೆತ ನಡೆಯುತ್ತಿರುವಾಗ ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ ಮಾತಾಡಿಸಬಾರದು ಎಂಬುದು ಈ ವಿದ್ಯೆ ಬಲ್ಲವರು ಬಹುಮಟ್ಟಿಗೆ ಒಪ್ಪಿರುವ ನಿಯಮ. ಯಾಕೆ? ಅಲ್ಲಿ ಅವಳು ನಿಜ ಹೇಳಿದರೆ ಮನೆಗೆ ಹೋದ ಮೇಲೆ ಅದರ ಲೆಕ್ಕ ಚುಕ್ತಾ ಆಗುತ್ತದೆ. ಸಲಹೆಗಾರ್ತಿ ಅವಳಿಗೆ "ಬಿಟ್ಟು ಬಾ" ಎನ್ನುವುದಿಲ್ಲ, "ಹೊಂದಿಕೋ" ಎಂದೂ ಅನ್ನುವುದಿಲ್ಲ. ನಿನ್ನ ಜೀವಕ್ಕೆ ಎಷ್ಟು ಅಪಾಯವಿದೆ, ಕಾಗದಪತ್ರ ಎಲ್ಲಿವೆ, ರಾತ್ರಿ ಓಡಬೇಕಾದರೆ ಎಲ್ಲಿಗೆ ಓಡುತ್ತೀ ಎಂದು ಅವಳ ಜೊತೆ ಕೂತು ಯೋಚಿಸುತ್ತಾಳೆ. ತೀರ್ಮಾನ ಅವಳದು.

"ಇಂಥದ್ದರಿಂದಲೇ ಸಂಸಾರ ಒಡೆಯುವುದು" ಎನ್ನುವವರಿಗೆ ನನ್ನ ಉತ್ತರ ಒಂದೇ. ನಾನು ಆ ಹುಡುಗಿಯ ಸಂಸಾರ ಉಳಿಸಿದೆ. ಅವಳ ಕಿವಿ ಹೋಯಿತು. ಉಳಿದದ್ದು ಯಾರ ಸಂಸಾರ?

ನಮ್ಮಲ್ಲಿ ಏನೂ ಇಲ್ಲ ಎಂದಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಅದರ 14ನೇ ಕಲಮಿನಲ್ಲಿ ನ್ಯಾಯಾಧೀಶರು ಸಮಾಲೋಚನೆಗೆ ಕಳಿಸಬಹುದು ಎಂದಿದೆ. ಇಬ್ಬರನ್ನೂ ಒಟ್ಟಿಗೆ ಅಥವಾ ಒಬ್ಬರನ್ನೇ ಎಂದೂ ಅದೇ ಕಲಮಿನಲ್ಲಿದೆ. "ನಾನು ಅವನ ಎದುರಿಗೆ ಕೂರುವುದಿಲ್ಲ, ಒಬ್ಬಳೇ ಮಾತಾಡುತ್ತೇನೆ" ಎಂದು ಕೇಳಲು ನಮಗೆ ದಾರಿಯಿದೆ. 2015ರಿಂದ ಸಖಿ ಕೇಂದ್ರಗಳು ಬಂದಿವೆ. 181 ಮಹಿಳಾ ಸಹಾಯವಾಣಿ ಇದೆ. ಮನಸ್ಸಿನ ಸಂಕಟಕ್ಕೆ 2022ರಿಂದ ಟೆಲಿ ಮಾನಸ್ 14416 ಇದೆ. ಆದರೆ ಸರ್ಕಾರದ ಕಚೇರಿಯ ಮೆಟ್ಟಿಲು ಹತ್ತುವ ಧೈರ್ಯ ಬರುವ ಮುಂಚೆ ಹೆಣ್ಣು ಒಮ್ಮೆಯಾದರೂ ತನ್ನವರ ಬಾಗಿಲು ತಟ್ಟುತ್ತಾಳೆ. ಆ ಬಾಗಿಲಿನ ಹಿಂದೆ ಯಾರಿದ್ದಾರೆ ಎಂಬುದೇ ಪ್ರಶ್ನೆ.

ಅಕ್ಕತಂಗಿಯರೇ, ಜಾತಿ ಸಂಘದ ಯಜಮಾನರು ಮನಸ್ಸು ಮಾಡಲಿ ಎಂದು ಕಾಯುತ್ತಾ ಕೂರಬೇಡಿ. ನೂರು ಡಾಲರಿಗೂ ಕಡಿಮೆ ಹಣದಲ್ಲಿ ಶುರುಮಾಡಿದವರ ಕಥೆ ಹೇಳಿದೆನಲ್ಲ, ನಿಮ್ಮ ಸಂಘದ ಪಾಸ್‌ಪುಸ್ತಕದಲ್ಲಿ ಅದಕ್ಕಿಂತ ಹೆಚ್ಚಿದೆ. ಹತ್ತು ಸಂಘ ಸೇರಿ, ಬಡ್ಡಿ ಆದಾಯದಲ್ಲಿ ಒಂದು ಸಣ್ಣ ಪಾಲು ಬೇರೆ ತೆಗೆದಿಡಿ. ಹೊಡೆಸಿಕೊಂಡು ಬಂದವಳ ಬಸ್ ಚಾರ್ಜಿಗೆ, ಆಸ್ಪತ್ರೆ ಚೀಟಿಗೆ, ಜಿಲ್ಲಾ ಕೇಂದ್ರದಿಂದ ತರಬೇತಾದ ಸಲಹೆಗಾರ್ತಿ ತಿಂಗಳಿಗೊಮ್ಮೆ ಬಂದು ಹೋಗುವ ಖರ್ಚಿಗೆ ಅದು ಆಗಲಿ. ಅಂಗನವಾಡಿಯೋ ಶಾಲೆಯೋ, ಸಂಜೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಕೇಳಿ. ಅಲ್ಲಿ ಕೇಳಿದ್ದನ್ನು ಹೊರಗೆ ಆಡಿದವಳಿಗೆ ಸಂಘದಲ್ಲಿ ಜಾಗವಿಲ್ಲ ಎಂದು ನಿರ್ಣಯ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ.

ಮುಂದಿನ ಸಲ ಕಲ್ಯಾಣ ಮಂಟಪಕ್ಕೆಂದು ರಸೀದಿ ಪುಸ್ತಕ ಹಿಡಿದು ಯಾರಾದರೂ ಬಂದರೆ ಕೇಳಿ: "ಅಣ್ಣಾ, ಇದರಲ್ಲಿ ನಮ್ಮ ಕೋಣೆ ಎಲ್ಲಿದೆ?" ಉತ್ತರ ಬರುವವರೆಗೆ ದುಡ್ಡು ಸೆರಗಿನ ಗಂಟಿನಲ್ಲೇ ಇರಲಿ.